ಪಂದಿ ಕರಿಗೆ ಅದರ ಹೊತ್ತು ಕೊಡಿ: ಅಡುಗೆ ಸ್ಪರ್ಧೆ ನಡೆಸುವವರಿಗೆ ಕೊಡಗಿನಿಂದ ಒಂದು ಬಹಿರಂಗ ಪತ್ರ

ಕನ್ನಡದ ಟಿವಿ ವಾಹಿನಿಗಳ ಮುಖ್ಯಸ್ಥರಿಗೆ, ಅಡುಗೆ ಸ್ಪರ್ಧೆಗಳ ನಿರ್ಮಾಪಕರಿಗೆ, ತೀರ್ಪುಗಾರರಿಗೆ,

ನಮಸ್ಕಾರ.

ನಾನು ವಿರಾಜಪೇಟೆ ಕಡೆಯ ಒಂದು ಹಳ್ಳಿಯವಳು. ಕಾಫಿ ತೋಟ, ಒಂದಿಷ್ಟು ಕರಿಮೆಣಸು, ಮನೆ ಕೆಲಸ, ಇಷ್ಟರಲ್ಲಿ ದಿನ ಮುಗಿಯುತ್ತದೆ. ರಾತ್ರಿ ಟಿವಿ ಮುಂದೆ ಕೂತರೆ ನಮ್ಮ ಮನೆಯಲ್ಲಿ ಎಲ್ಲರೂ ಒಪ್ಪಿ ನೋಡುವುದು ಅಡುಗೆ ಸ್ಪರ್ಧೆಯನ್ನು ಮಾತ್ರ. ಧಾರಾವಾಹಿಗೆ ಜಗಳ ಆಗುತ್ತದೆ, ಕ್ರಿಕೆಟ್‌ಗೂ ಆಗುತ್ತದೆ, ಇದಕ್ಕೆ ಆಗುವುದಿಲ್ಲ. ನಿಮ್ಮ ಕೆಲಸ ನಮಗೆ ಇಷ್ಟ. ಇಷ್ಟ ಇರುವುದಕ್ಕೇ ಈ ಪತ್ರ.

ನಾನು ಕೇಳುವುದು ಒಂದೇ. ಮುಂದಿನ ಸೀಸನ್‌ನಲ್ಲಿ ಒಂದು ಸುತ್ತನ್ನಾದರೂ ಗಡಿಯಾರದಿಂದ ಬಿಡಿಸಿ. ನಿಧಾನವಾಗಿ ಆಗುವ ಅಡುಗೆಗೆ ಅದು ಕೇಳುವಷ್ಟು ಹೊತ್ತು ಕೊಡಿ. ಆ ಸುತ್ತನ್ನು ಕೊಡಗಿಗೆ ಬಂದು, ಮಳೆಗಾಲದಲ್ಲಿ, ಇಲ್ಲಿನ ಅಡುಗೆಮನೆಯಲ್ಲೇ ಮಾಡಿ.

ಯಾಕೆ ಅಂತ ಹೇಳುತ್ತೇನೆ. ಕೆಲವು ಸಮಯದ ಹಿಂದೆ ಒಂದು ಸ್ಪರ್ಧೆಯಲ್ಲಿ 'ಕೊಡಗು ಸ್ಪೆಷಲ್' ಅಂತ ಒಂದು ಕಂತು ಬಂತು. ವಾಹಿನಿಯ ಹೆಸರು ಬೇಡ. ನಮ್ಮ ಮನೆಯವರೆಲ್ಲ ಖುಷಿಯಿಂದ ಕೂತೆವು. ಸ್ಪರ್ಧಿಗೆ ಕೊಟ್ಟಿದ್ದು ಒಂದು ಗಂಟೆಗೂ ಕಡಿಮೆ. ಆ ಹುಡುಗಿ ಪಂದಿ ಕರಿಗೆ ಅಂತ ಹಂದಿ ಮಾಂಸವನ್ನು ಕುಕ್ಕರ್‌ಗೆ ಹಾಕಿದಳು. ಬೇರೆ ಒಲೆಯಲ್ಲಿ ಈರುಳ್ಳಿ ಮಸಾಲೆ ಹುರಿದಳು. ಕೊನೆಗೆ ಎರಡನ್ನೂ ಸೇರಿಸಿ, ಬಾಟಲಿಯಿಂದ ವಿನೆಗರ್ ಸುರಿದಳು. ತೀರ್ಪುಗಾರರು ತಿಂದು, ಮಾಂಸ ಮೆತ್ತಗಿದೆ, ಆದರೆ ಮಸಾಲೆ ಒಳಗೆ ಇಳಿದಿಲ್ಲ ಅಂದರು. ಅವಳು ಆ ವಾರ ಮನೆಗೆ ಹೋದಳು.

ಮಸಾಲೆ ಇಳಿಯುವುದು ಹೇಗೆ? ಅದಕ್ಕೆ ಸಮಯವೇ ಇರಲಿಲ್ಲ ಅಲ್ವಾ. ಅವಳಿಗೆ ಅಡುಗೆ ಬರುತ್ತಿತ್ತು. ಅವಳ ಕೈ ನೋಡಿದರೆ ಗೊತ್ತಾಗುತ್ತಿತ್ತು. ಈರುಳ್ಳಿ ಹೆಚ್ಚಿದ ರೀತಿ, ಮೆಣಸು ಕುಟ್ಟುವಾಗಿನ ಹದ, ಎಲ್ಲ ಸರಿಯಿತ್ತು. ಸೋತಿದ್ದು ಅವಳ ಕೈಯಲ್ಲ. ನೀವು ಹಾಕಿದ ಷರತ್ತಿಗೂ ಆ ಅಡುಗೆಗೂ ಹೊಂದಿಕೆಯೇ ಇರಲಿಲ್ಲ.

ಪಂದಿ ಕರಿ ಮಾಡುವುದನ್ನು ಹತ್ತಿರದಿಂದ ನೋಡಿದವರಿಗೆ ಇದು ಅರ್ಥ ಆಗುತ್ತದೆ. ನಮ್ಮ ಅವ್ವ ಮಾಡುವ ಕ್ರಮ ಹೇಳುತ್ತೇನೆ. ಮಾಂಸವನ್ನು ಚರ್ಮ, ಕೊಬ್ಬು ಸಮೇತ ತುಂಡು ಮಾಡಿ ಉಪ್ಪು, ಅರಿಸಿನ, ಖಾರದ ಪುಡಿ ಹಚ್ಚಿ ಇಡುತ್ತಾರೆ. ಆಮೇಲೆ ಶುಂಠಿ, ಬೆಳ್ಳುಳ್ಳಿ, ಈರುಳ್ಳಿ ಜೊತೆ ಒಲೆ ಮೇಲೆ. ನೀರು ಹಾಕುವುದು ಕಡಿಮೆ. ಮಾಂಸ ಬಿಡುವ ನೀರಿನಲ್ಲೇ, ಕರಗುವ ಕೊಬ್ಬಿನಲ್ಲೇ ಅದು ಬೇಯಬೇಕು. ಇದು ಸಣ್ಣ ಉರಿಯ ಕೆಲಸ. ಅಷ್ಟರಲ್ಲಿ ಇನ್ನೊಂದು ಕಡೆ ಕೊತ್ತಂಬರಿ ಬೀಜ, ಜೀರಿಗೆ, ಕರಿಮೆಣಸು, ಸಾಸಿವೆ, ಸ್ವಲ್ಪ ಮೆಂತ್ಯ ಹುರಿಯುತ್ತಾರೆ. ಕೆಂಪಗೆ ಹುರಿದರೆ ಸಾಲದು. ಕಪ್ಪಾಗುವ ಅಂಚಿಗೆ ಬರಬೇಕು, ಆದರೆ ಸೀದು ಹೋಗಬಾರದು. ಆ ಹದವನ್ನು ಅವ್ವ ಮೂಗಿನಲ್ಲಿ ಹಿಡಿಯುತ್ತಾರೆ. ಮೆಂತ್ಯದ ಕಹಿ ವಾಸನೆ ಏಳುವ ಮೊದಲೇ ಬಾಣಲೆ ಕೆಳಗಿಳಿಯುತ್ತದೆ. ಈ ಪುಡಿ ಬೀಳುವುದು ಮಾಂಸ ಮುಕ್ಕಾಲು ಬೆಂದ ಮೇಲೆ. ಎಲ್ಲಕ್ಕಿಂತ ಕೊನೆಗೆ ಕಾಚಂಪುಳಿ, ಅಂದ್ರೆ ಹಣ್ಣಿನ ರಸ ಕಾಯಿಸಿ ಮಾಡಿದ ನಮ್ಮ ಕಪ್ಪು ಹುಳಿ.

ನಮ್ಮಲ್ಲೂ ಅವಸರಕ್ಕೆ ಕುಕ್ಕರ್ ಇಡುವವರಿದ್ದಾರೆ. ತೋಟದ ಕೆಲಸದ ದಿನ ಯಾರಿಗೆ ಪುರುಸೊತ್ತು? ಅದನ್ನು ತಪ್ಪು ಅನ್ನುವುದಿಲ್ಲ. ಆದರೆ ಹಬ್ಬದ ದಿನ, ನೆಂಟರು ಬಂದ ದಿನ, ಸೆಪ್ಟೆಂಬರ್ 3ರ ಕೈಲ್‌ಪೊಳ್ದ್, ಅಂದ್ರೆ ನಮ್ಮ ಆಯುಧಪೂಜೆಯ ದಿನ ಅದು ಒಲೆ ಮೇಲೇ ಆಗಬೇಕು. ಮರುದಿನ ಬಿಸಿ ಮಾಡಿ ತಿಂದರೆ ಇನ್ನೂ ಚೆನ್ನ ಅನ್ನುವವರೇ ಜಾಸ್ತಿ.

ಇನ್ನು ಕಾಚಂಪುಳಿ. ವಿನೆಗರ್ ಅದರ ಜಾಗಕ್ಕೆ ಬರುವುದಿಲ್ಲ. ಪಣಪುಳಿ ಮರದ ಹಣ್ಣು ಮಳೆಗಾಲದಲ್ಲಿ ಉದುರುತ್ತದೆ. ಮಲೆನಾಡಿನವರು ಉಪ್ಪಾಗೆ ಅನ್ನುತ್ತಾರಲ್ಲ, ಅದೇ ಜಾತಿ. ಕೇರಳದವರು ಅದರ ಸಿಪ್ಪೆಯನ್ನು ಒಣಗಿಸಿ ಹೊಗೆಯಲ್ಲಿಟ್ಟು ಕುಡಂಪುಳಿ ಮಾಡುತ್ತಾರೆ. ನಾವು ರಸ ತೆಗೆಯುತ್ತೇವೆ. ಬಿದ್ದ ಹಣ್ಣನ್ನು ಆರಿಸಿ, ಬುಟ್ಟಿಯಲ್ಲಿ ರಾಶಿ ಹಾಕಿ, ಕೆಳಗೆ ಪಾತ್ರೆ ಇಟ್ಟರೆ ದಿನಗಟ್ಟಲೆ ರಸ ತೊಟ್ಟಿಕ್ಕುತ್ತದೆ. ಆ ರಸವನ್ನು ಒಲೆ ಮೇಲೆ ಗಂಟೆಗಟ್ಟಲೆ ಕುದಿಸಬೇಕು. ನೀರಾಗಿದ್ದದ್ದು ಕೊನೆಗೆ ಕಪ್ಪಗೆ, ಗಟ್ಟಿಯಾಗಿ, ಚಮಚದಿಂದ ನಿಧಾನ ಜಾರುವ ಹಾಗೆ ಆಗುತ್ತದೆ. ಬುಟ್ಟಿಗಟ್ಟಲೆ ಹಣ್ಣಿಗೆ ಸಿಗುವುದು ಸಣ್ಣ ಬಾಟಲಿ. ಸರಿಯಾಗಿ ಕಾಯಿಸಿದ್ದು ವರ್ಷಗಟ್ಟಲೆ ಕೆಡುವುದಿಲ್ಲ. ಮಡಿಕೇರಿಯ ಶುಕ್ರವಾರದ ಸಂತೆಗೆ ಬಂದರೆ ಮಾರುವವರು ಸಿಗುತ್ತಾರೆ. ನೋಡಿ, ಅಳ್ಳಾಡಿಸಿ, ಒಂದು ಹನಿ ನಾಲಿಗೆಗೆ ಹಾಕಿಯೇ ಕೊಳ್ಳುವುದು ನಮ್ಮ ರೂಢಿ. ಪಂದಿ ಕರಿಯ ಆ ಕಡು ಬಣ್ಣ, ಕೊಬ್ಬನ್ನು ಕತ್ತರಿಸುವ ಆ ಹುಳಿ ಬರುವುದು ಇದರಿಂದ. ಕೆಲವೇ ಚಮಚ ಸಾಕು.

ಈಗ ಹೇಳಿ, ನಿಮ್ಮ ಸ್ಪರ್ಧೆಯ 'ಪ್ಯಾಂಟ್ರಿ'ಯಲ್ಲಿ ಒಂದು ಬಾಟಲಿ ಕಾಚಂಪುಳಿ ಇಡುವುದು ಕಷ್ಟವೇ? ಆವಕಾಡೊ ಇರುತ್ತದೆ, ಬ್ರೊಕೊಲಿ ಇರುತ್ತದೆ, ಹೊರದೇಶದ ಚೀಸ್ ಇರುತ್ತದೆ. ಬೆಂಗಳೂರಿನಿಂದ ಮಡಿಕೇರಿ ಒಂದು ಹಗಲಿನ ದಾರಿಯೂ ಅಲ್ಲ.

ಗಡಿಯಾರದ ಮಾತಿಗೆ ವಾಪಸ್ ಬರುತ್ತೇನೆ. ಇದು ನೀವು ಶುರು ಮಾಡಿದ್ದಲ್ಲ ಅನ್ನುವುದು ಗೊತ್ತು. 1993ರಲ್ಲಿ ಜಪಾನಿನ ಫುಜಿ ಟಿವಿಯಲ್ಲಿ 'ಐರನ್ ಶೆಫ್' ಶುರುವಾಯಿತು. ಒಂದು ಪದಾರ್ಥವನ್ನು ಅಲ್ಲೇ ತೆರೆದು ತೋರಿಸಿ, ಒಂದು ಗಂಟೆ ಕೊಟ್ಟು, ಇಬ್ಬರು ಬಾಣಸಿಗರನ್ನು ಎದುರುಬದುರು ನಿಲ್ಲಿಸುತ್ತಿದ್ದರು. ಕುಸ್ತಿ ನೋಡಿದ ಹಾಗೆ ಜನ ನೋಡಿದರು. ಬ್ರಿಟನ್ನಿನಲ್ಲಿ 1990ರಲ್ಲಿ ಶುರುವಾದ 'ಮಾಸ್ಟರ್‌ಶೆಫ್' 2009ರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ದೊಡ್ಡ ಕಾರ್ಯಕ್ರಮವಾಯಿತು. 2010ರಲ್ಲಿ ಹಿಂದಿಗೆ ಬಂತು. ಮಿಸ್ಟರಿ ಬಾಕ್ಸ್, ಪ್ರೆಶರ್ ಟೆಸ್ಟ್, ಎಲಿಮಿನೇಷನ್, ಕೊನೆಯ ಹತ್ತು ಸೆಕೆಂಡ್ ಎಣಿಸುವುದು, ಕೈ ಮೇಲೆತ್ತಿ ನಿಲ್ಲುವುದು, ಇದೆಲ್ಲ ಈಗ ನಮ್ಮ ಮಕ್ಕಳಿಗೂ ಬಾಯಿಪಾಠ. ಮೊಟ್ಟೆ ದೋಸೆ ಹುಯ್ಯುವಾಗಲೂ ಎಣಿಸುತ್ತಾರೆ.

ಹೊತ್ತು ಕಟ್ಟಿದರೆ ಆಟಕ್ಕೆ ಬಿಗಿ ಬರುತ್ತದೆ, ಒಪ್ಪುತ್ತೇನೆ. ನಾನೂ ಸೋಫಾದ ತುದಿಗೆ ಬಂದು ಕೂತು ನೋಡಿದವಳೇ. ಆದರೆ ಬಿಗಿ ಬರುವುದಕ್ಕೆ ಅದೊಂದೇ ದಾರಿಯಲ್ಲ. 2010ರಲ್ಲೇ ಬ್ರಿಟನ್ನಿನಲ್ಲಿ 'ಗ್ರೇಟ್ ಬ್ರಿಟಿಷ್ ಬೇಕ್ ಆಫ್' ಶುರುವಾಯಿತು. ಬ್ರೆಡ್ ಹಿಟ್ಟು ಉಬ್ಬಬೇಕು, ಕೇಕ್ ಆರಬೇಕು. ಹಾಗಾಗಿ ಅಲ್ಲಿ ಕೆಲವು ಸುತ್ತಿಗೆ ನಾಲ್ಕೈದು ಗಂಟೆ ಕೊಡುತ್ತಾರೆ. ಮೂರರಲ್ಲಿ ಎರಡು ಸುತ್ತಿನ ಅಡುಗೆಯನ್ನು ಸ್ಪರ್ಧಿಗಳು ಮನೆಯಲ್ಲೇ ಅಭ್ಯಾಸ ಮಾಡಿ ಬರಬಹುದು. ಗೆದ್ದವರಿಗೆ ಹಣ ಇಲ್ಲ, ಕೇಕ್ ಇಡುವ ಒಂದು ಗಾಜಿನ ಸ್ಟ್ಯಾಂಡ್ ಕೊಡುತ್ತಾರೆ. ಆದರೂ ಅದು ಆ ದೇಶದ ಜನ ಅತಿ ಹೆಚ್ಚು ನೋಡುವ ಕಾರ್ಯಕ್ರಮಗಳ ಸಾಲಿಗೆ ಸೇರಿತು. ಹಿಟ್ಟು ಉಬ್ಬುತ್ತದೋ ಇಲ್ಲವೋ ಅಂತ ಸ್ಪರ್ಧಿ ಓವನ್ ಮುಂದೆ ನೆಲದ ಮೇಲೆ ಕೂತು ನೋಡುತ್ತಾ ಇರುತ್ತಾರೆ. ನಾವೂ ಅವರ ಜೊತೆ ಕಾಯುತ್ತೇವೆ. ಕಾಯುವುದನ್ನೂ ಚೆನ್ನಾಗಿ ತೋರಿಸಬಹುದು ಅನ್ನುವುದಕ್ಕೆ ಅದಕ್ಕಿಂತ ಸಾಕ್ಷಿ ಬೇಕೇ?

ನಮ್ಮಲ್ಲಿ ಕಾಯಲೇಬೇಕಾದ ಅಡುಗೆ ಪಂದಿ ಕರಿ ಒಂದೇ ಅಲ್ಲ. ಬೈಂಬಳೆ ತಗೊಳ್ಳಿ, ಅಂದ್ರೆ ಕಣಿಲೆ, ಎಳೆ ಬಿದಿರು. ಮಳೆ ಹಿಡಿದ ಮೇಲೆ ಮೊಳಕೆ ಬರುತ್ತದೆ. ಸಿಪ್ಪೆ ಬಿಡಿಸಿ, ಸಣ್ಣಗೆ ಹೆಚ್ಚಿ, ನೀರಲ್ಲಿ ನೆನೆ ಹಾಕಿ, ಎರಡು ಮೂರು ದಿನ ದಿನವೂ ನೀರು ಬದಲಾಯಿಸಬೇಕು. ಇದು ಬರೀ ರುಚಿಯ ವಿಷಯ ಅಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶ ಇರುತ್ತದೆ. ನೆನೆಸಿ, ಬೇಯಿಸಿ, ಆ ನೀರು ಚೆಲ್ಲಿದರೆ ಮಾತ್ರ ಅದು ತಿನ್ನುವ ಪದಾರ್ಥ. ನಮ್ಮ ಹಿರಿಯರಿಗೆ ಆ ಹೆಸರು ಗೊತ್ತಿರಲಿಲ್ಲ, ಆದರೆ ಎಷ್ಟು ದಿನ ನೀರಲ್ಲಿಡಬೇಕು ಅನ್ನುವುದು ಗೊತ್ತಿತ್ತು. ನಿಮ್ಮ ಸ್ಪರ್ಧೆಯಲ್ಲಿ ಹೆಚ್ಚೆಂದರೆ ಡಬ್ಬಿ ತೆರೆದು ಹಾಕುತ್ತಾರೆ. ಆ ಮೂರು ದಿನದ ತಿಳಿವಳಿಕೆಯನ್ನು ಯಾರೂ ನೋಡುವುದೇ ಇಲ್ಲ.

ಕೆಂಬು, ಅಂದ್ರೆ ಕೆಸು, ಅದೂ ಅಷ್ಟೇ. ಎಲೆ ಎಳೆಯದೋ ಬಲಿತದ್ದೋ ನೋಡಬೇಕು, ಹುಳಿ ಬಿದ್ದು ಚೆನ್ನಾಗಿ ಬೇಯಬೇಕು, ಇಲ್ಲದಿದ್ದರೆ ಗಂಟಲು ತುರಿಸುತ್ತದೆ. ಕುಮ್ಮು ಅಂತೂ ಇನ್ನೂ ಜಾಗ್ರತೆಯ ವಿಷಯ. ತಿನ್ನುವ ಅಣಬೆ ಯಾವುದು, ಮುಟ್ಟಬಾರದ್ದು ಯಾವುದು ಅಂತ ತೋಟದಲ್ಲಿ ನಡೆದಾಡಿದವರೇ ಹೇಳಬೇಕು.

ಕಡಂಬುಟ್ಟು ನೋಡಲು ತುಂಬ ಸುಲಭ. ಬಿಳಿ ಉಂಡೆ, ಅಷ್ಟೇ. ಆದರೆ ಕುದಿಯುವ ನೀರಿಗೆ ಅಕ್ಕಿ ತರಿ ಹಾಕಿ ತಿರುವಿದ ಮೇಲೆ ಮುಚ್ಚಿಡಬೇಕು. ತರಿ ಒಳಗೇ ಬೆವೆತು ಅರಳಬೇಕು. ಅವಸರ ಮಾಡಿ ಉಂಡೆ ಕಟ್ಟಿದರೆ ಹಬೆಯಲ್ಲಿ ಬಿರುಕು ಬಿಡುತ್ತದೆ, ನಡುವೆ ಹಸಿ ಉಳಿಯುತ್ತದೆ. ಅವ್ವ ಕೈ ಒದ್ದೆ ಮಾಡಿಕೊಂಡು, ಸುಡುವ ಹಿಟ್ಟನ್ನು ಅಂಗೈಯಲ್ಲಿ ಎರಡು ಸುತ್ತು ತಿರುಗಿಸಿದರೆ ಗೆರೆ ಇಲ್ಲದ ಉಂಡೆ. ನಾನು ಮಾಡಿದ್ದಕ್ಕೂ ಅವರು ಮಾಡಿದ್ದಕ್ಕೂ ಮನೆಯ ಮಕ್ಕಳು ನೋಡಿದ ತಕ್ಷಣ ವ್ಯತ್ಯಾಸ ಹೇಳುತ್ತಾರೆ. ನೂಲ್‌ಪುಟ್ಟು, ಅಂದ್ರೆ ಅಕ್ಕಿ ಶಾವಿಗೆ, ಇನ್ನೊಂದು. ಹಿಟ್ಟು ಬಿಸಿ ಇರುವಾಗಲೇ ಒತ್ತಬೇಕು, ಹಳೇ ಕಾಲದ ಒತ್ತುವ ಒರಳಾದರೆ ಒಬ್ಬರಿಂದ ಆಗುವ ಕೆಲಸ ಅಲ್ಲ. ಒಬ್ಬರನ್ನೊಬ್ಬರು ಸೋಲಿಸುವ ಆಟದಲ್ಲಿ ಇಬ್ಬರ ಕೈ ಬೇಕಾದ ಅಡುಗೆಗೆ ಜಾಗ ಎಲ್ಲಿ?

ಕಕ್ಕಡ ತಿಂಗಳ ಹದಿನೆಂಟನೇ ದಿನ, ಅಂದ್ರೆ ಆಗಸ್ಟ್ 3ರ ಹೊತ್ತಿಗೆ, ನಾವು ಮದ್ದ್ ತೊಪ್ಪು, ಅಂದ್ರೆ ಮದ್ದಿನ ಸೊಪ್ಪು, ಕುದಿಸಿ ರಸ ತೆಗೆದು ಪಾಯಸ, ಪುಟ್ಟು ಮಾಡುತ್ತೇವೆ. ಆ ದಿನ ಸೊಪ್ಪಿನಲ್ಲಿ ಹದಿನೆಂಟು ಬಗೆಯ ಔಷಧದ ಗುಣ ಕೂಡಿರುತ್ತದೆ ಅನ್ನುವುದು ನಂಬಿಕೆ. ಕುದಿಸಿದ ನೀರು ಕಡು ನೇರಳೆ ಬಣ್ಣಕ್ಕೆ ತಿರುಗುತ್ತದೆ. ಕ್ಯಾಮೆರಾಕ್ಕೆ ಇದಕ್ಕಿಂತ ಒಳ್ಳೆಯ ಬಣ್ಣ ಯಾವ ಬಾಟಲಿಯಲ್ಲೂ ಸಿಗುವುದಿಲ್ಲ. ಆದರೆ ಅದು ಸಿಗುವುದು ಆ ಹೊತ್ತಿಗೆ ಮಾತ್ರ. ನಿಮ್ಮ ಶೂಟಿಂಗ್ ದಿನಾಂಕಕ್ಕೆ ಸೊಪ್ಪು ಬರುವುದಿಲ್ಲ. ಸೊಪ್ಪಿನ ದಿನಕ್ಕೆ ನೀವೇ ಬರಬೇಕು.

ಇಂಥ ಮನೆ ಅಡುಗೆಯನ್ನು ದೊಡ್ಡ ವೇದಿಕೆ ಮೇಲಿಟ್ಟರೆ ಜನ ನೋಡುತ್ತಾರಾ ಅಂತ ನಿಮಗೆ ಅನುಮಾನ ಇರಬಹುದು. 2021ರಲ್ಲಿ ಮಾಸ್ಟರ್‌ಶೆಫ್ ಆಸ್ಟ್ರೇಲಿಯಾದ ಫೈನಲ್‌ನಲ್ಲಿ ಬಂಗಾಳಿ ಮೂಲದ ಕಿಶ್ವರ್ ಚೌಧರಿ ಪಾಂತಾ ಭಾತ್ ಬಡಿಸಿದರು. ನೀರಲ್ಲಿ ನೆನೆಸಿಟ್ಟ ಅನ್ನ, ಜೊತೆಗೆ ಆಲೂ ಭರ್ತಾ, ಮೀನು. ಬಂಗಾಳದ ಹಳ್ಳಿಗಳಲ್ಲಿ ರಾತ್ರಿ ಉಳಿದ ಅನ್ನಕ್ಕೆ ನೀರು ಹಾಕಿಟ್ಟು ಬೆಳಿಗ್ಗೆ ತಿಂದು ಗದ್ದೆಗೆ ಹೋಗುವ ಊಟ ಅದು. ನಮ್ಮ ತಂಗಳನ್ನವೇ. ಸ್ಪರ್ಧೆಯಲ್ಲಿ ರಾತ್ರಿಯಿಡೀ ನೆನೆಸುವ ಹಾಗಿಲ್ಲವಲ್ಲ, ಅವರು ಅನ್ನದ ನೀರಿಗೆ ಹೊಗೆ ಹಿಡಿಸಿ ಬಡಿಸಿದರು. ಅವರು ಗೆಲ್ಲಲಿಲ್ಲ, ಮೂರನೇ ಸ್ಥಾನ ಬಂತು. ಆದರೆ ಆ ಸೀಸನ್‌ನಲ್ಲಿ ನಮ್ಮ ಕಡೆಯ ಜನ ಇವತ್ತಿಗೂ ನೆನೆಸುವುದು ಆ ಅನ್ನವನ್ನು. 2023ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾ ಗೆದ್ದ ನಯನ್‌ಜ್ಯೋತಿ ಸೈಕಿಯಾ ಅಸ್ಸಾಮಿನ ತಿನ್‌ಸುಕಿಯಾದವರು. ದೂರದ ಊರಿನ ಹುಡುಗ ಗೆದ್ದಾಗ ಇಲ್ಲಿ ಕೊಡಗಿನಲ್ಲಿ ನಮಗೂ ಸಂತೋಷ ಆಯಿತು. ಸಣ್ಣ ಊರಿನವರಿಗೆ ಅಂಥದ್ದು ಬೇಗ ತಟ್ಟುತ್ತದೆ.

ಇನ್ನೊಂದು ವಿಷಯ ಮುಚ್ಚಿಡದೆ ಹೇಳಬೇಕು. 2015ರಲ್ಲಿ ಮಾಸ್ಟರ್‌ಶೆಫ್ ಇಂಡಿಯಾದ ನಾಲ್ಕನೇ ಸೀಸನ್ ಪೂರ್ತಿ ಸಸ್ಯಾಹಾರಕ್ಕೆ ಮೀಸಲಾಗಿತ್ತು. ಸಸ್ಯಾಹಾರದ ಬಗ್ಗೆ ನನಗೆ ಗೌರವ ಇದೆ, ಅದರಲ್ಲೂ ಕೈಚಳಕ ಬೇಕು. ಆದರೆ ದೇಶದ ಅಡುಗೆ ಅಂತ ಹೆಸರಿಟ್ಟು ಮಾಂಸ ಮೀನು ಪೂರ್ತಿ ಬಿಟ್ಟರೆ ನಮ್ಮಂಥವರ ಅಡುಗೆಮನೆಗೆ ಬಾಗಿಲು ಹಾಕಿದ ಹಾಗೇ. ಹಂದಿ ಮಾಂಸ ಅಂದ ಕೂಡಲೇ ಜಾಹೀರಾತು ಕೊಡುವವರು ಹಿಂದೆ ಸರಿಯುತ್ತಾರೆ ಅನ್ನುವ ಭಯ ನಿಮಗಿದ್ದರೆ, ಅದನ್ನು ನೇರವಾಗಿ ಹೇಳಿ. ಸುಮ್ನೆ ಕೊಡಗು ಅಂದರೆ ಮಂಜು, ಕಾಫಿ, ಹೋಮ್‌ಸ್ಟೇ ಅಂತ ತೋರಿಸಿ ಮುಗಿಸಬೇಡಿ. ಇಲ್ಲಿನ ಊಟವನ್ನು ಪಂದಿ ಕರಿಯೊಂದಕ್ಕೆ ಇಳಿಸುವುದೂ ಬೇಡ. ಕೊಡಗಿನಲ್ಲಿ ಕೊಡವರಿದ್ದಾರೆ, ಅರೆಭಾಷೆ ಗೌಡರಿದ್ದಾರೆ, ಎರವರು, ಕುರುಬರು, ಮಾಪಿಳ್ಳೆಗಳು, ಇನ್ನೂ ಎಷ್ಟೋ ಜನ ಇದ್ದಾರೆ. ಒಂದೊಂದು ಮನೆಯಲ್ಲಿ ಒಂದೊಂದು ಕೈರುಚಿ. ಕಾಡು ಮಾವಿನ ಹಣ್ಣಿನ ಕರಿಗೆ, ಅಕ್ಕಿ ತರಿಯ ಪಾಪುಟ್ಟಿಗೆ, ಕೂವಲೆ ಎಲೆಯಲ್ಲಿ ಬೇಯಿಸಿದ ಹಲಸಿನ ಪುಟ್ಟಿಗೆ ಮಾಂಸದ ಹಂಗೇ ಇಲ್ಲ.

ನಮ್ಮೂರಿನ ಒಬ್ಬ ಅಕ್ಕ ಒಮ್ಮೆ ಒಂದು ಸ್ಪರ್ಧೆಯ ಆಡಿಷನ್‌ಗೆ ಹೋಗಿದ್ದರು. ಮನೆಯಿಂದಲೇ ಮಾಡಿಕೊಂಡು ಬನ್ನಿ ಅಂದಿದ್ದರು. ನಸುಕಿನಲ್ಲೇ ಎದ್ದು ಕರಿ ಮಾಡಿ, ಕಡಂಬುಟ್ಟು ಕಟ್ಟಿ, ಹಾಟ್‌ಬಾಕ್ಸ್‌ಗೆ ತುಂಬಿ ಬಸ್ ಹತ್ತಿದರು. ಅಲ್ಲಿ ಸರದಿ ಬರುವಷ್ಟರಲ್ಲಿ ಸಂಜೆಯಾಗಿತ್ತು, ಉಂಡೆ ಗಟ್ಟಿಯಾಗಿತ್ತು. ಅದಕ್ಕಿಂತ ಅವರಿಗೆ ನೋವಾಗಿದ್ದು ಬೇರೆ. ಅಡುಗೆ ಬಗ್ಗೆ ಕೇಳಿದ್ದು ಒಂದೆರಡು ಪ್ರಶ್ನೆ. ಉಳಿದ ಹೊತ್ತೆಲ್ಲ ನಿಮ್ಮ ಜೀವನದಲ್ಲಿ ಕಷ್ಟ ಏನಿದೆ, ಗಂಡನ ಮನೆಯಲ್ಲಿ ತೊಂದರೆ ಇತ್ತಾ, 2018ರ ಭೂಕುಸಿತದಲ್ಲಿ ಏನಾದರೂ ಕಳಕೊಂಡಿರಾ ಅಂತ. ಅವರು ಏನೂ ಕಳಕೊಂಡಿರಲಿಲ್ಲ. ಕಳಕೊಂಡವರ ಮನೆಗೆ ಹೋಗಿ ದಿನಗಟ್ಟಲೆ ಗಂಜಿ, ಅಕ್ಕಿ ಒಟ್ಟಿ (ರೊಟ್ಟಿ) ಮಾಡಿ ಹಾಕಿದ್ದರು. ಆದರೆ ಅದನ್ನು ಟಿವಿಯಲ್ಲಿ ಹೇಳಿಕೊಳ್ಳುವ ಮನಸ್ಸು ಅವರಿಗಿರಲಿಲ್ಲ. ಹೆಸರು ಬರಲಿಲ್ಲ. ಅಡುಗೆ ಸ್ಪರ್ಧೆಗೆ ಬಂದವರ ಅಡುಗೆಯನ್ನು ಮೊದಲು ಕೇಳಿ. ಅಳು ತಾನಾಗಿ ಬಂದರೆ ಬರಲಿ, ಕೆದಕಿ ತರಿಸಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ.

ಹಾಗಾದರೆ ನಾನು ಹೇಳುವ ಸುತ್ತು ಹೇಗಿರಬಹುದು? ನನಗೆ ಶೂಟಿಂಗ್ ಗೊತ್ತಿಲ್ಲ, ಅಡುಗೆಮನೆ ಗೊತ್ತು. ಸ್ಪರ್ಧಿಗಳನ್ನು ಮೂರು ನಾಲ್ಕು ದಿನಕ್ಕೆ ಇಲ್ಲಿಗೆ ಕರೆತನ್ನಿ. ಮೊದಲ ದಿನ ಕಣಿಲೆ ಹೆಚ್ಚಿ ನೀರಿಗೆ ಹಾಕಲಿ, ಸಂತೆಗೆ ಹೋಗಿ ಕಾಚಂಪುಳಿ ಆರಿಸಲಿ. ಸರಿಯಾದದ್ದನ್ನು ಆರಿಸುವುದೇ ಒಂದು ಪರೀಕ್ಷೆ, ಅದಕ್ಕೇ ಅಂಕ ಕೊಡಿ. ಪ್ರತಿಯೊಬ್ಬರನ್ನೂ ಒಂದೊಂದು ಮನೆಗೆ ಕಳಿಸಿ, ಆ ಮನೆಯ ಹಿರಿಯರ ಹತ್ತಿರ ಕಲಿಯಲಿ. ಕಲಿಸಿದವರ ಹೆಸರನ್ನು ಪರದೆ ಮೇಲೆ ಹಾಕಿ, ಅವರಿಗೆ ತಕ್ಕ ಸಂಭಾವನೆಯನ್ನೂ ಕೊಡಿ. ಕೊನೆಯ ದಿನ ಎಲ್ಲರೂ ಮಾಡಲಿ, ಎಷ್ಟು ಹೊತ್ತು ಬೇಕೋ ಅಷ್ಟು. ಒಲೆ ಯಾವಾಗ ಆರಿಸಬೇಕು ಅನ್ನುವ ತೀರ್ಮಾನವನ್ನು ಸ್ಪರ್ಧಿಗೇ ಬಿಡಿ. ನಿಜವಾದ ಕಷ್ಟ ಇರುವುದು ಅಲ್ಲೇ. ಗಂಟೆ ಬಾರಿಸಿದಾಗ ಕೈ ಎತ್ತುವುದು ಯಾರಿಗಾದರೂ ಬರುತ್ತದೆ. ಇನ್ನೊಂದು ಹತ್ತು ನಿಮಿಷ ಬೇಕು, ಈಗ ಸಾಕು ಅಂತ ಹೇಳಲು ಅಡುಗೆ ಗೊತ್ತಿರಬೇಕು.

ನಿಮ್ಮ ತೀರ್ಪುಗಾರರ ಪಕ್ಕದಲ್ಲಿ ಇಲ್ಲಿನ ಇಬ್ಬರು ಹಿರಿಯ ಹೆಂಗಸರನ್ನು ಕೂರಿಸಿ. ಅವರು ಚಿಕ್ಕ ಚಮಚದಲ್ಲಿ ತುದಿ ನಾಲಿಗೆಗೆ ಹಚ್ಚಿ ನೋಡುವವರಲ್ಲ. ತಟ್ಟೆ ತುಂಬ ಹಾಕಿಸಿಕೊಂಡು, ಕಡಂಬುಟ್ಟನ್ನು ಮುರಿದು ಗೊಜ್ಜಿನಲ್ಲಿ ಅದ್ದಿ ತಿಂದು, ಆಮೇಲೆ ಮಾತಾಡುತ್ತಾರೆ. ಉಪ್ಪು ಜಾಸ್ತಿಯಾಗಿದ್ದರೆ ಮುಖಕ್ಕೇ ಹೇಳುತ್ತಾರೆ, ಮಕ್ಕಳನ್ನು ಗದರಿ ಕಣ್ಣೀರು ಹಾಕಿಸುವುದಿಲ್ಲ. ಮಾಡಿದ್ದು ಉಳಿದರೆ ಊರಿನವರೆಲ್ಲ ಕೂತು ಉಣ್ಣೋಣ. ಯಾವ ಪಾತ್ರೆಯೂ ಕಸದ ಬುಟ್ಟಿಗೆ ಹೋಗುವುದು ಬೇಡ.

ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ ಕಕ್ಕಡ. ಬರುವುದಾದರೆ ಆಗಲೇ ಬನ್ನಿ, ಆಗಸ್ಟ್ 3 ನಿಮ್ಮ ದಿನಗಳ ಒಳಗೆ ಬೀಳುವ ಹಾಗೆ ನೋಡಿಕೊಳ್ಳಿ. ಮಳೆ ಜೋರಿರುತ್ತದೆ. ರಸ್ತೆಯಲ್ಲಿ ಮಣ್ಣು ಜಾರುವುದೂ ಉಂಟು, ಹಾಗಾಗಿ ಜಿಲ್ಲಾಡಳಿತದ ಸೂಚನೆ ನೋಡಿಕೊಂಡು ದಿನ ಗೊತ್ತು ಮಾಡಿ, ಒಂದೆರಡು ದಿನ ಹೆಚ್ಚೇ ಇಟ್ಟುಕೊಳ್ಳಿ. ಕರೆಂಟ್ ಹೋಗುತ್ತದೆ, ಜನರೇಟರ್ ನಿಮ್ಮದೇ ತನ್ನಿ. ಸೌದೆ, ಒಲೆ, ನೀರು, ಅಕ್ಕಿ ತರಿಗೆ ಯೋಚನೆ ಬೇಡ. ಈ ಪತ್ರ ಓದಿದ ಕೊಡಗಿನವರು, ನಮ್ಮ ಮನೆಯ ಅಡುಗೆಮನೆ ಕೊಡುತ್ತೇವೆ ಅನ್ನುವವರಿದ್ದರೆ, ನೀವೂ ವಾಹಿನಿಗಳಿಗೆ ಬರೆಯಿರಿ. ನಮ್ಮ ಮನೆಯದ್ದಂತೂ ತೆರೆದೇ ಇದೆ, ಅವ್ವನನ್ನೂ ಕೇಳಿಯಾಗಿದೆ.

ಇಂತಿ,
ವಿರಾಜಪೇಟೆ ತಾಲ್ಲೂಕಿನ ನಿಮ್ಮ ಒಬ್ಬ ಪ್ರೇಕ್ಷಕಿ